ನೇಲ್ ಪಾಲಿಶ್ ಹಚ್ಚದ ಮುಚ್ಚಳ

ಪತ್.

ಇಷ್ಟೇ ಸದ್ದು. ಒದ್ದೆ ಅರಿವೆಯೊಂದು ಗೂಟದಿಂದ ಜಾರಿ ಬಿದ್ದರೆ ಬರುತ್ತದಲ್ಲ, ಅಂಥದ್ದು. ಇದು ಓಡುವ ಇಂಜಿನ್ನಿನ ಸದ್ದಲ್ಲ. ಕೂಡ್ಲಿಗಿಯಾಚೆ ಹೈವೇ ಪಕ್ಕದಲ್ಲಿ ಇಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ ನಿಂತಿದ್ದಾಗ ಕೇಳಿದ್ದು. ಟ್ಯಾಪೆಟ್ಟಿನ ಚಿಟಿಚಿಟಿ, ಸವೆದ ಬೇರಿಂಗಿನ ಗುಡುಗುಡು, ಬೆಲ್ಟಿನ ಕೀರಲು ಎಂದು ನಾನು ಜೀವಮಾನವಿಡೀ ಕೇಳಿದ ಸದ್ದುಗಳೆಲ್ಲ ಈಗ ಒಂದರೊಳಗೊಂದು ಕಲಸಿಹೋಗಿವೆ. ಮಧ್ಯಾಹ್ನ ಉಂಡು ಕಣ್ಣು ಮುಚ್ಚಿದರೆ ಬೇರೆಯಾಗಿ ಕೇಳುವುದು ಈ ಒಂದು ಪತ್ ಮಾತ್ರ.

ನಾನು ಹಗರಿಬೊಮ್ಮನಹಳ್ಳಿಯ ಒಂದು ಪ್ರೈವೇಟ್ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದೆ. ಇಂಜಿನ್ ಪೂರ್ತಿ ಬಿಚ್ಚಿ, ಸಾಮಾನು ಬದಲಿಸಿ, ಮತ್ತೆ ಕಟ್ಟಿದ ಮೇಲೆ ಕಾರನ್ನು ರಸ್ತೆಗಿಳಿಸಿ ಓಡಿಸಿ ನೋಡುವುದು ನನ್ನ ಕೆಲಸ. ಸರಿಯಿದ್ದರೆ "ಒಯ್ಯಿರಿ" ಎನ್ನಬೇಕು. ಒಯ್ದವರು ತೊಂದರೆ ಎಂದು ತಿರುಗಿ ತಂದರೆ ಕಾರಣ ಏನು, ತಪ್ಪು ಯಾರದು ಎಂದು ಹುಡುಕಬೇಕು. ಹಡಗಲಿಯಿಂದ ಹರಪನಹಳ್ಳಿವರೆಗೆ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ನಾನು "ಟ್ರಯಲ್ ಮೇಡಂ".

ಪಾಲಿಟೆಕ್ನಿಕ್ ಮುಗಿಸಿ ಗ್ಯಾರೇಜು, ಶೋರೂಮು ಎಂದು ಕೆಲಸಕ್ಕೆ ಸೇರುತ್ತಿರುವ ಮಕ್ಕಳು ಈಗ ನನ್ನನ್ನು "ಟಿಪ್ಸ್ ಕೊಡಿ ಮೇಡಂ" ಎಂದು ಕೇಳುತ್ತಾರೆ. ಅದರಲ್ಲಿ ಹುಡುಗಿಯರೂ ಇದ್ದಾರೆ, ಐ ಆಮ್ ಸೋ ಹ್ಯಾಪಿ. ಆದರೆ ನನ್ನ ಮೊದಲ ಟಿಪ್ಸ್ ಪಾಲಿಟೆಕ್ನಿಕ್ಕಿನದಲ್ಲ, ಬಳ್ಳಾರಿಯ ಕಾನ್ವೆಂಟಿನದು. ಅಲ್ಲಿ ಸಿಸ್ಟರ್ ಒಬ್ಬರು ದಿನಾ ಬೆಳಿಗ್ಗೆ ಉಗುರು ನೋಡುತ್ತಿದ್ದರು. ನಾವು ಸ್ವಚ್ಛವಾಗಿದ್ದ ಕೈಯನ್ನು ಮುಂದೆ ಮಾಡಿ ಇನ್ನೊಂದನ್ನು ಲಂಗದ ಹಿಂದೆ ಇಡುತ್ತಿದ್ದೆವು. ಅವರು ಮುಂದಿದ್ದ ಕೈಯನ್ನು ನೋಡುತ್ತಲೇ ಇರಲಿಲ್ಲ. "ದಿ ಅದರ್ ಹ್ಯಾಂಡ್, ಪ್ಲೀಸ್" ಎನ್ನುತ್ತಿದ್ದರು. ಪಿಸ್ಟನ್ನು, ಪಂಪು, ಕಂಪ್ಯೂಟರು ಎಲ್ಲ ಆಮೇಲೆ ಕಲಿತೆ. ಡಯಾಗ್ನೋಸಿಸ್ ಎಂಬುದನ್ನು ಮಾತ್ರ ಆ ಸಾಲಿನಲ್ಲಿ ನಿಂತೇ ಕಲಿತೆ.

ಯಾಕೆಂದರೆ ಇಂಜಿನ್ ಬಿಚ್ಚಿ ಕಟ್ಟುವ ಕೆಲಸ ನಡೆಯುವುದೇ ಸಂಶಯದ ಮೇಲೆ. ಕಾರು ಒಳಗೆ ಬಂದಾಗ ಒಂದು ಇಂಜಿನ್ ಇರುತ್ತದೆ, ಹೊರಗೆ ಹೋಗುವಾಗಲೂ ಒಂದು ಇಂಜಿನ್ ಇರುತ್ತದೆ. ನಡುವೆ ಏನು ನಡೆಯಿತು ಎಂಬುದು ಕಾರಿನವನಿಗೆ ಕಾಣುವುದಿಲ್ಲ. ಅದಕ್ಕೇ ನಮ್ಮ ಕಡೆ ಬದಲಿಸಿದ ಹಳೇ ಸಾಮಾನನ್ನು ಗೋಣಿಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿಡುವ ಪದ್ಧತಿ. ಅದನ್ನೂ ಜನ ನಂಬುವುದಿಲ್ಲ. ಹರಪನಹಳ್ಳಿಯ ಒಬ್ಬ ವ್ಯಾಪಾರಿ ಚೀಲ ಬಿಚ್ಚಿ ಪಿಸ್ಟನ್ನುಗಳನ್ನು ಒಂದೊಂದಾಗಿ ಮೂಸಿ ನೋಡಿ, "ಇವು ನನ್ನ ಗಾಡಿಯವಲ್ಲ, ನಮ್ಮ ಗಾಡಿ ವಾಸನೆ ನನಗೆ ಗೊತ್ತೈತೆ" ಎಂದಿದ್ದ.

ಇನ್ನೊಂದು ಹೇಳುತ್ತೇನೆ. ಹಡಗಲಿಯ ಕಾರೊಂದು ಹೊಸ ಇಂಜಿನ್ ಕಟ್ಟಿಸಿಕೊಂಡು ಹೋದ ಮಾರನೇ ದಿನವೇ ಕೀಂಯ್ ಎಂದು ಅಳುತ್ತ ವಾಪಸ್ ಬಂತು. ಅವರ ಡ್ರೈವರ್ ಹಳೇ ಬೇರಿಂಗ್ ಹಾಕಿದ್ದಾರೆ ಎಂದ. ನಮ್ಮ ಮೇಸ್ತ್ರಿ ಡ್ರೈವರೇ ಏನೋ ಕೈ ಹಾಕಿದ್ದಾನೆ ಎಂದ. ಬೆಲ್ಟ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಬೆಲ್ಟ್ ಕೂರುವ ರಾಟೆಯ ಸೀಳಿನಲ್ಲಿ ದಾರ ಸುತ್ತಿಕೊಂಡು ಬಿಗಿದು ಕೂತಿತ್ತು, ಜೊತೆಗೆ ಒಂದೆರಡು ಕಪ್ಪಾದ ಮಲ್ಲಿಗೆ ಮೊಗ್ಗು. ಹಡಗಲಿಯಲ್ಲವೇ, ಹೂವಿಗೆ ಬರವೆ? ಒಯ್ದ ದಿನವೇ ಪೂಜೆ ಮಾಡಿ ಬಾನೆಟ್ಟಿನ ಮೇಲೆ ಮಾರುದ್ದದ ಹಾರ ಹಾಕಿದ್ದರು. ಬೈದಾಡಿಕೊಂಡವರಿಬ್ಬರೂ ಬಗ್ಗಿ ಆ ಮೊಗ್ಗುಗಳನ್ನೇ ನೋಡಿದರು. ಇಬ್ಬರಿಗೂ ಕೊಂಚ ನಿರಾಸೆಯಾಗಿದ್ದಂತೆಯೂ ಕಂಡಿತು.

ಗ್ಯಾರೇಜಿನ ಮಾಲೀಕರು ಕೊಟ್ರಪ್ಪ ಸಾಹುಕಾರರು. ಕೆಟ್ಟವರಲ್ಲ. ಆದರೆ ಇಂಜಿನ್ ಸ್ಟಾರ್ಟ್ ಮಾಡಿದರೆ ಎಲ್ಲರೂ ಬಾನೆಟ್ಟಿನ ಕಡೆ ನೋಡುವಾಗ ಅವರು ಕಾರಿನವರ ಮುಖ ನೋಡುತ್ತಿದ್ದರು. ಮುಖ ಅರಳಿದರೆ ಇಂಜಿನ್ ಸರಿ, ಮುಖ ಗಂಟಾದರೆ ಇಂಜಿನ್ ಕೆಟ್ಟಿದೆ. ಈ ಸಂಶಯದ ಕಾಟಕ್ಕೆ ಅವರೇ ಒಂದು ಉಪಾಯ ಹುಡುಕಿದರು. ಕಟ್ಟಿ ಮುಗಿದ ಇಂಜಿನ್ನಿನ ಪ್ರತಿ ಮುಖ್ಯ ಬೋಲ್ಟಿನ ಮೇಲೂ ಒಂದು ಕೆಂಪು ಚುಕ್ಕೆ. ಯಾರಾದರೂ ಬೋಲ್ಟ್ ತಿರುಗಿಸಿದರೆ ಚುಕ್ಕೆ ಒಡೆಯುತ್ತದೆ. ಚುಕ್ಕೆ ಒಡೆದಿದ್ದರೆ ಜವಾಬ್ದಾರಿ ನಮ್ಮದಲ್ಲ, ಒಡೆಯದಿದ್ದರೆ ನಮ್ಮದು. ಬಣ್ಣ ಎಂದರೆ ಮತ್ತೇನಲ್ಲ, ಕೊಟ್ಟೂರಿನ ಬಳೆ ಅಂಗಡಿಯ ನೇಲ್ ಪಾಲಿಶ್.

ಅದನ್ನು ಹಚ್ಚುವವಳು ನಾನು. ಕಾನ್ವೆಂಟಿನಲ್ಲಿ ನೇಲ್ ಪಾಲಿಶ್ ಎಂದರೆ ಪಾಪ. ಮದುವೆಯಾದ ಮೇಲೆ ಗ್ರೀಸ್ ಮೆತ್ತಿದ ಉಗುರಿಗೆ ಅದರ ಆಸೆಯೇ ಹುಟ್ಟಲಿಲ್ಲ. ಕಡೆಗೆ ನನ್ನ ಪಾಲಿನ ನೇಲ್ ಪಾಲಿಶ್ ಅಷ್ಟೂ ಬೋಲ್ಟುಗಳಿಗೆ ಹೋಯಿತು. ಆ ಪುಟ್ಟ ಬ್ರಶ್ ಹಿಡಿದು ಸಿಲಿಂಡರ್ ಹೆಡ್ಡಿನ ಮೇಲೆ ಬಗ್ಗಿದಾಗಲೆಲ್ಲ ಸಿಸ್ಟರ್ ನೋಡಿದರೆ ಏನನ್ನುತ್ತಿದ್ದರೋ ಎಂದು ನಗು ಬರುತ್ತಿತ್ತು.

ಇನ್ನು ದುರುಗಪ್ಪ ಮೇಸ್ತ್ರಿ. ಕೂಡ್ಲಿಗಿಯವನು. ಅವರಪ್ಪ ಕೇರಿಯವರಿಗೆಂದೇ ಕಟ್ಟಿದ್ದ ಊರ ಚಾಕರಿ ಬಿಟ್ಟು ಲಾರಿ ಕ್ಲೀನರಾಗಿ, ಮನೆಯವರೆಲ್ಲ ಬೌದ್ಧರಾಗಿದ್ದರು. ದುರುಗಪ್ಪನ ಟೂಲ್ ಪೆಟ್ಟಿಗೆಯ ಮುಚ್ಚಳದ ಒಳಗೆ ಬುದ್ಧನದೊಂದು ಚಿಕ್ಕ ಪಟ ಅಂಟಿಸಿತ್ತು. ನಮ್ಮಲ್ಲಿ ಪೂರ್ತಿ ಇಂಜಿನ್ ಕೆಲಸ ಮಾಡುತ್ತಿದ್ದವನು ಅವನೊಬ್ಬನೇ. ಕೈ ಎಷ್ಟು ಚೊಕ್ಕವೋ ನಾಲಗೆ ಅಷ್ಟೇ ಚೂಪು. "ಮೇಡಂ, ನಿಮ್ಮ ಕಿವಿ ಸುಳ್ಳು ಹೇಳಂಗಿಲ್ಲ, ಆದ್ರ ನಿಮ್ಮ ಕಣ್ಣು ನನ್ನ ಮ್ಯಾಲೆ ಯಾವಾಗ್ಲೂ ಕೇಸ್ ಹಾಕಿರ್ತಾವ ನೋಡ್ರಿ" ಎನ್ನುತ್ತಿದ್ದ. "ಎಲ್ಲರ ಮೇಲೂ ಹಾಕಿರ್ತಾವಪ್ಪ" ಎಂದರೆ, "ಎಲ್ಲರೂ ಜಾಮೀನು ತಗೊಂಡು ಹೋಕ್ಕಾರ, ನಾವು ಒಳಗ ಉಳೀತೀವಿ" ಎನ್ನುವನು. ಸಾಹುಕಾರರು ಕೊಟ್ಟೂರಿನಲ್ಲಿ ಎರಡನೇ ಗ್ಯಾರೇಜು ತೆಗೆಯುವವರಿದ್ದರು. ಅದನ್ನು ದುರುಗಪ್ಪನೇ ನಡೆಸುವುದೆಂದು ಮಾತಾಗಿತ್ತು. ಬೋರ್ಡಿಗೆ ಬಣ್ಣ ಹೊಡೆಯುವವನನ್ನೂ ಕರೆಸಿದ್ದರು.

ಅಂಥ ಹೊತ್ತಿಗೆ ಹಲವಾಗಲಿನ ಚನ್ನನಗೌಡರ ಕಾರು ಬಂತು. ಹೊಳೆಯ ದಂಡೆಯ ಊರು ಅದು, ಗೌಡರದು ಅಕ್ಕಿ ಗಿರಣಿ. ಡೀಸೆಲ್ ಕಾರು, ಇಂಜಿನ್ ಆಯಿಲ್ ಕುಡಿಯುತ್ತಿತ್ತು. ದುರುಗಪ್ಪ ಇಂಜಿನ್ ಇಳಿಸಿ ಪೂರ್ತಿ ಮಾಡಿದ. ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಚೆನ್ನಾಗಿಯೇ ಇತ್ತು. ಬಿಚ್ಚಿ ತೊಳೆದು ಅದನ್ನೇ ಕೂರಿಸಿದ. ನಾನು ಚುಕ್ಕೆ ಇಟ್ಟೆ, ಓಡಿಸಿದೆ, ಒಯ್ಯಿರಿ ಎಂದೆ.

ಒಯ್ಯುವ ದಿನ ಗೌಡರ ತಾಯಿ ನೀಲಮ್ಮನೂ ಬಂದಿದ್ದರು. ಇಳಕಲ್ ಸೀರೆ, ಹಣೆ ತುಂಬ ಭಂಡಾರದ ಅರಿಸಿನ. ಮೈಲಾರಲಿಂಗನ ಒಕ್ಕಲು. ದುರುಗಪ್ಪ ಗೌಡರಿಗೆ ಒಂದೊಂದನ್ನೇ ತೋರಿಸುತ್ತ ಏರ್ ಫಿಲ್ಟರಿನ ಡಬ್ಬಿಯ ಕ್ಲಿಪ್ ತೆಗೆದು ಮುಚ್ಚಳ ಎತ್ತಿದ. ಒಳಗೆ ಹೊಸ ಫಿಲ್ಟರು, ಮಡಿಕೆ ಮಡಿಕೆಯಾಗಿ ಬೆಳ್ಳಗೆ. ನೀಲಮ್ಮ ಬಗ್ಗಿ ನೋಡಿದರು.

"ಏನದು ತಮ್ಮಾ, ಅಷ್ಟು ಸ್ವಚ್ಛ ಐತೆ?"

"ಗಾಳಿ ಸೋಸೋದು ಬೇ. ಹೊರಗಿನ ಧೂಳು ಇಲ್ಲೇ ನಿಂತ್ಕಂತತಿ. ಒಳಗ ಹೋಗೋದು ಚೊಕ್ಕ ಗಾಳಿ."

"ಉಳಿದದ್ದೆಲ್ಲ ಬಿಚ್ಚಿದ್ದು ನೀನೇನಾ?"

"ಹೌದು ಬೇ. ಒಂದು ನಟ್ಟು ಬಿಟ್ಟಿಲ್ಲ, ಎಲ್ಲಾ ಈ ಕೈಲೇ."

ನೀಲಮ್ಮ ಅವನ ಕೈಯನ್ನು ನೋಡಿದರು, ಆಮೇಲೆ ಪೆಟ್ಟಿಗೆಯ ಮುಚ್ಚಳದಲ್ಲಿದ್ದ ಬುದ್ಧನನ್ನು ನೋಡಿದರು. ನಾನು ಅದನ್ನು ಗಮನಿಸಿದೆ, ಗಮನಿಸಿದ್ದನ್ನು ಅಲ್ಲಿಗೇ ಬಿಟ್ಟೆ. ಇಂಜಿನ್ನಿಗೂ ಅದಕ್ಕೂ ಏನು ಸಂಬಂಧ ಎಂದುಕೊಂಡೆ.

ವಾರ ಕಳೆದ ಮೇಲೆ ಗೌಡರ ಫೋನು. ಗಾಡಿ ಊರೊಳಗೆ ಚೆಂದ ಓಡುತ್ತದೆ, ಹೈವೇ ಏರಿದರೆ ದಮ್ಮು ಕಟ್ಟುತ್ತದೆ, ಕಪ್ಪು ಹೊಗೆ ಉಗುಳುತ್ತದೆ. ನಿಲ್ಲಿಸಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಅವರು ನಮ್ಮಲ್ಲಿಗೆ ತರಲಿಲ್ಲ. ನೇರ ದಾವಣಗೆರೆಗೆ ಒಯ್ದರು. ಅಲ್ಲಿ ಸ್ಕ್ಯಾನರ್ ಹಚ್ಚಿ ಟರ್ಬೋ ಪ್ರೆಶರ್ ಕಡಿಮೆ ಎಂದರಂತೆ. ಇಂಜಿನ್ ಕಟ್ಟಿದವರು ನಿಮ್ಮದನ್ನು ತೆಗೆದಿಟ್ಟುಕೊಂಡು ಯಾವುದೋ ಹಳೇ ಟರ್ಬೋ ಹಾಕಿರಬೇಕು, ಚುಕ್ಕೆ ಒಡೆದು ಬಿಚ್ಚಿ ನೋಡೋಣವೇ ಎಂದು ಕೇಳಿದರಂತೆ. ಗೌಡರು ಮುಟ್ಟಗೊಡಲಿಲ್ಲ. ಚುಕ್ಕೆ ಅವರಿಗೆ ಈಗ ಸಾಕ್ಷಿ.

ಸ್ಕ್ಯಾನರ್ ಬಂದ ಕಾಲ ಅದು. ಈಗಿನ ಮಕ್ಕಳಿಗೆ ಸ್ಕ್ಯಾನರ್ ಇಲ್ಲದ ಗ್ಯಾರೇಜು ಗೊತ್ತೇ ಇಲ್ಲ. ನಾನೂ ಅದನ್ನು ಕಲಿತೆ, ಇಷ್ಟಪಟ್ಟೆ. ಆದರೆ ನೆನಪಿಡಿ. ಪ್ರೆಶರ್ ಕಡಿಮೆ ಎಂದು ಅದು ಹೇಳಿದ್ದು ನಿಜ. ಯಾಕೆ ಕಡಿಮೆ ಎಂದು ಅದು ಹೇಳಲಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದು ಮನುಷ್ಯರ ಬಾಯಿ.

ಗೌಡರು ಗ್ಯಾರೇಜಿಗೆ ಬಂದು ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದರು.

"ನೋಡ್ರಿ ಸಾಹುಕಾರ್ರೇ, ಒಂದು ಚುಕ್ಕೆ ಒಡೆದಿಲ್ಲ. ಅಂದ್ರೆ ನಿಮ್ಮಲ್ಲಿ ಬಿಟ್ರೆ ಬೇರೆ ಯಾರೂ ಕೈ ಹಾಕಿಲ್ಲ ಅಂತ ಆತು. ನನ್ನ ಟರ್ಬೋ ಎಲ್ಲೈತೆ?"

ದುರುಗಪ್ಪ ಮುಂದೆ ಬಂದ. "ಅಲ್ಲೇ ಐತ್ರಿ ಗೌಡ್ರ. ಬಿಚ್ಚಿ ತೋರಿಸ್ತೀನಿ ಬರ್ರಿ."

"ನೀನು ದೂರ ನಿಲ್ಲು. ನೀನು ಮುಟ್ಟಿದ್ರೆ ಇದ್ದದ್ದೂ ಬದಲಾಗುತ್ತೆ."

ಸಾಹುಕಾರರು ಗೌಡರ ಮುಖ ನೋಡಿದರು. ಗಂಟಾಗಿತ್ತು. ಇಂಜಿನ್ ಕೆಟ್ಟಿದೆ ಎಂದು ಅವರಿಗೆ ಖಾತ್ರಿಯಾಯಿತು.

"ದುರುಗಪ್ಪ, ಖರೆ ಹೇಳು. ಕೊಟ್ಟೂರು ಗ್ಯಾರೇಜಿಗೆ ಅಂತ ಏನಾರ ಸಾಮಾನು ತೆಗೆದಿಟ್ಟಿಯೇನು? ಇದ್ರ ಕೊಟ್ಬಿಡು, ಇಲ್ಲಿಗೇ ಮುಗಿಸೋಣು. ಸ್ಟೇಶನ್‌ಗೆ ಹೋದ್ರ ನನ್ನ ಕೈಯಾಗ ಉಳಿಯಂಗಿಲ್ಲ."

ದುರುಗಪ್ಪ ಸರ್ರನೆ ತಿರುಗಿದ. ಒಳಗೆ ಹೋಗಿ ಟೂಲ್ ಪೆಟ್ಟಿಗೆ ಹೊತ್ತು ತಂದು ಎಲ್ಲರ ನಡುವೆ ಇಟ್ಟ.

"ನೋಡ್ರಿ. ಸಾಹುಕಾರ್ರು ಬ್ಯಾಡ, ಅವ್ರಿಗೆ ಟರ್ಬೋ ಯಾವ್ದು, ಟಿಫನ್ ಡಬ್ಬಿ ಯಾವ್ದು ಗೊತ್ತಾಗಂಗಿಲ್ಲ. ಮೇಡಂ ನೋಡ್ಲಿ."

ನಾನು ನೋಡಿದೆ. ಸುಮ್ಮನೆ ಕಣ್ಣಾಡಿಸಲಿಲ್ಲ, ಸ್ಪ್ಯಾನರ್ ಎತ್ತಿ, ತಳದ ಅರಿವೆ ಎತ್ತಿ, ಎಲ್ಲ ನೋಡಿದೆ. ಬೇರೆಯವರಾಗಿದ್ದರೆ ಆ ಹೊತ್ತಿನಲ್ಲಿ ಮುಖ ತಿರುಗಿಸಿ "ಬೇಡಪ್ಪ" ಎನ್ನುತ್ತಿದ್ದರೇನೋ. ಹಾಗೆ ಅಂದಿದ್ದರೆ ಪೆಟ್ಟಿಗೆಯಲ್ಲಿ ಏನೂ ಇಲ್ಲ ಎಂದು ಹೇಳುವವರು ಯಾರೂ ಇರುತ್ತಿರಲಿಲ್ಲ. "ಇಲ್ಲ" ಎಂದೆ. "ಮನೇಲಿರಬೇಕು" ಎಂದರು ಗೌಡರು.

ಸಾಹುಕಾರರು ಸೋಮವಾರದವರೆಗೆ ಟೈಮ್ ಕೇಳಿಕೊಂಡರು. ಅಷ್ಟರಲ್ಲಿ ಕಾರಣ ತೋರಿಸದಿದ್ದರೆ ದುರುಗಪ್ಪನ ಮೇಲೆ ಕಂಪ್ಲೇಂಟ್. ಬೋರ್ಡಿನ ಪೇಂಟರಿಗೆ ಸದ್ಯಕ್ಕೆ ಬರಬೇಡ ಎಂದು ಹೇಳಿ ಕಳಿಸಿದರು.

ಆ ರಾತ್ರಿ ಅಡಿಗೆ ಮಾಡುತ್ತ ನಾನು ಒಬ್ಬೊಬ್ಬರನ್ನೇ ಎದುರಿಗೆ ನಿಲ್ಲಿಸಿಕೊಂಡೆ. ದುರುಗಪ್ಪ ಮಾಡಿರಬಹುದೆ? ಮಾಡಬಹುದು; ಅವನಿಗೆ ಕೈ ಇದೆ, ಅವಕಾಶ ಇದೆ. ಆದರೆ ಕೆಟ್ಟ ಟರ್ಬೋ ಹಾಕಿದ್ದರೆ ನಾನು ಓಡಿಸಿ ನೋಡಿದ ದಿನವೇ ಗೊತ್ತಾಗಬೇಕಿತ್ತು. ಗೌಡರು? ಗಿರಣಿಗೆ ಬರುವ ಕಲಬೆರಕೆ ಡೀಸೆಲ್ ಹಾಕಿಸಿರಬಹುದು. ಆದರೆ ಕಲಬೆರಕೆ ಡೀಸೆಲ್ಲಿಗೆ ಊರು ಬೇರೆ ಹೈವೇ ಬೇರೆ ಎಂದು ಗೊತ್ತಾಗುವುದಿಲ್ಲ. ಸಾಹುಕಾರರು? ಕೊಟ್ಟೂರು ಗ್ಯಾರೇಜು ಕೊಡುವ ಮನಸ್ಸಿಲ್ಲದೆ ಹೀಗೊಂದು ನೆಪ? ಅವರನ್ನೂ ಬಿಡಲಿಲ್ಲ ನಾನು. ಸಾರು ಉಕ್ಕಿ ಒಲೆಯ ಮೇಲೆ ಬಿತ್ತು.

ಉಕ್ಕಿದ್ದನ್ನು ಒರೆಸುವಾಗ ಹೊಳೆದದ್ದು ಇಷ್ಟು: ಆಫ್ ಮಾಡಿದರೆ ಸರಿಹೋಗುತ್ತದೆ. ಮುರಿದದ್ದು ತಾನಾಗಿ ಕೂಡುವುದಿಲ್ಲ, ಸವೆದದ್ದು ತಾನಾಗಿ ತುಂಬಿಕೊಳ್ಳುವುದಿಲ್ಲ. ಹಾಗಾದರೆ ಏನೋ ಒಂದು ಏಳುತ್ತಿದೆ, ಬೀಳುತ್ತಿದೆ. ಮತ್ತು ನಾವೆಲ್ಲರೂ ಚುಕ್ಕೆ ಇದ್ದ ಜಾಗವನ್ನಷ್ಟೇ ನೋಡುತ್ತಿದ್ದೇವೆ. ದಿ ಅದರ್ ಹ್ಯಾಂಡ್, ಪ್ಲೀಸ್.

ಬೆಳಿಗ್ಗೆ ಗೌಡರಿಗೆ ಫೋನ್ ಮಾಡಿದೆ. "ಯಾವ ಬೋಲ್ಟನ್ನೂ ಮುಟ್ಟುವುದಿಲ್ಲ. ನೀವೇ ಓಡಿಸಿ, ನಾನು ಪಕ್ಕದಲ್ಲಿ ಕೂರುತ್ತೇನೆ. ಹೈವೇನಲ್ಲಿ ಅದು ಕೆಡುವುದನ್ನು ನನ್ನ ಕಣ್ಣಿಗೆ ತೋರಿಸಿ." ಒಪ್ಪಿದರು. ತಾಯಿಯನ್ನು ತಿರುಗಿ ಬರುವಾಗ ಕೂಡ್ಲಿಗಿಯ ಮಗಳ ಮನೆಗೆ ಬಿಡುವುದಿತ್ತಂತೆ, ಅವರೂ ಹಿಂದಿನ ಸೀಟಿನಲ್ಲಿ ಕೂತು ಬಂದರು. ದುರುಗಪ್ಪ ತನ್ನ ಬೈಕಿನಲ್ಲಿ ಹಿಂದೆ ಬರುವುದೆಂದಾಯಿತು. "ಕೈ ಹಚ್ಚಂಗಿಲ್ಲ. ಬರೇ ನೋಡ್ತೀನಿ. ನೋಡಾಕ ಏನು ತೆರಿಗಿ ಇಲ್ಲಲ್ರಿ?" ಎಂದ.

ಕೂಡ್ಲಿಗಿವರೆಗೆ ಕಾರು ಬೆಣ್ಣೆಯಂತೆ ಓಡಿತು. ನೀಲಮ್ಮ ನನ್ನ ಗಂಡ ಏನು ಮಾಡುತ್ತಾರೆ, ಮಕ್ಕಳೆಷ್ಟು ಎಂದು ಕೇಳುತ್ತಿದ್ದರು. ಆಮೇಲೆ, "ಹೆಣ್ಮಗಳಾಗಿ ಈ ಎಣ್ಣಿ ಕೆಲಸ ಯಾಕವ್ವಾ?" ಎಂದರು. "ಅಡಿಗೆಯೂ ಎಣ್ಣೆ ಕೆಲಸವೇ ಅಲ್ಲವೇ ಅಮ್ಮ" ಎಂದೆ. ನಕ್ಕರು. ನಕ್ಕಾಗ ಒಳ್ಳೆಯ ಮುಖ.

ಹೈವೇ ಏರಿ ಚಿತ್ರದುರ್ಗದ ಕಡೆ ತಿರುಗಿ ವೇಗ ಹಿಡಿದದ್ದೇ ತಡ, ಯಾರೋ ಕುತ್ತಿಗೆ ಹಿಡಿದಂತೆ ಇಂಜಿನ್ ಉಬ್ಬಸಪಟ್ಟಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕಪ್ಪು ಹೊಗೆ, ಹೊಗೆಯೊಳಗಿಂದ ದುರುಗಪ್ಪನ ಬೈಕು.

"ಪಕ್ಕಕ್ಕೆ ತಗೊಳ್ಳಿ. ಆದರೆ ಆಫ್ ಮಾಡಬೇಡಿ" ಎಂದೆ.

ನಾನು ಇಳಿದು ಬಾನೆಟ್ ಎತ್ತಿದೆ. "ಈಗ ರೇಸ್ ಮಾಡಿ."

"ಹೊಸ ಇಂಜಿನ್ ರೇಸ್ ಮಾಡಬಾರ್ದು ಅಂತ ನೀವೇ ಹೇಳಿದ್ರಿ ಮೇಡಂ."

"ನಾನೇ ಹೇಳ್ತಿದ್ದೇನೆ, ಮಾಡಿ."

ಇಂಜಿನ್ ಕೂಗಿತು, ಮತ್ತೆ ಉಬ್ಬಸ. ಗಾಳಿಯ ಹೋಸಿನ ಮೇಲೆ ಕೈಯಿಟ್ಟೆ. ರಬ್ಬರು ಒಳಗೆ ಎಳೆದುಕೊಂಡು ಚಪ್ಪಟೆಯಾಗುತ್ತಿತ್ತು, ಒಣಗಿದ ಎದೆಯನ್ನು ಎಳೆಯುವ ಕೂಸಿನ ಕೆನ್ನೆಯ ಹಾಗೆ. "ಆಫ್" ಎಂದೆ.

ಇಂಜಿನ್ ನಿಂತಿತು. ಒಂದು ಲಾರಿ ದಾಟಿಹೋಯಿತು. ಆಮೇಲೆ ಕೇಳಿಸಿತು.

ಪತ್.

ದುರುಗಪ್ಪನಿಗೂ ಕೇಳಿಸಿತ್ತು. ಅವನು ಬೈಕ್ ನಿಲ್ಲಿಸಿ ಬಂದು ನನ್ನ ಹಿಂದೆ ನಿಂತಿದ್ದ, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು. "ಫಿಲ್ಟರ್ ಡಬ್ಬಿ" ಎಂದ, ಮೆಲ್ಲಗೆ.

ಅದಕ್ಕೆ ಬೋಲ್ಟ್ ಇಲ್ಲ, ಬರೀ ಕ್ಲಿಪ್ಪು. ಕ್ಲಿಪ್ಪಿಗೆ ನಾವು ಚುಕ್ಕೆ ಇಡುತ್ತಿರಲಿಲ್ಲ. ಯಾರು ಬೇಕಾದರೂ ತೆಗೆದು ಹಾಕಬಹುದು, ಗುರುತು ಉಳಿಯುವುದಿಲ್ಲ. ಗೌಡರೂ ಇಳಿದು ಬಂದರು. ನಾನು ಕ್ಲಿಪ್ಪಿನ ಮೇಲೆ ಬೆರಳಿಟ್ಟಾಗ ಹಿಂದಿನ ಸೀಟಿನಿಂದ ನೀಲಮ್ಮನ ದನಿ ಬಂತು.

"ಅದನ್ನ ತೆಗೀಬ್ಯಾಡವ್ವಾ."

ತೆಗೆದೆ. ಬೆಳ್ಳಗಿದ್ದ ಫಿಲ್ಟರಿನ ಮೇಲೆ ಅಂಗೈಯಗಲದ ಹಳದಿ ಅರಿವೆಯ ಗಂಟೊಂದು ಸಡಿಲವಾಗಿ ಬಿದ್ದಿತ್ತು. ಅದರ ಒಂದು ತುದಿ ಬಿಚ್ಚಿಕೊಂಡು ನಾಲಗೆಯಂತೆ ಚಾಚಿತ್ತು. ಒಳಗಿನ ಭಂಡಾರ ಅರ್ಧ ಖಾಲಿ. ಇಂಜಿನ್ನಿಗೆ ಹೋಗುವ ಹೋಸಿನ ಬಾಯಿ ಪೂರ್ತಿ ಅರಿಸಿನ. ಇಂಜಿನ್ ಜೋರಾಗಿ ಉಸಿರೆಳೆದಾಗ ಅರಿವೆ ಎದ್ದು ಹೋಗಿ ಬಾಯಿಗೆ ಅಂಟುತ್ತಿತ್ತು. ಆಫ್ ಮಾಡಿದರೆ ಬೀಳುತ್ತಿತ್ತು. ಟರ್ಬೋ ಪಾಪ, ಇಲ್ಲದ ಗಾಳಿಯನ್ನು ಎಲ್ಲಿಂದ ತುಂಬೀತು?

ದುರುಗಪ್ಪ ಅಭ್ಯಾಸಬಲದಿಂದ ಅದನ್ನು ಎತ್ತಲು ಕೈ ಚಾಚಿದ.

"ಅವನು ಮುಟ್ಟಬಾರ್ದು" ಎಂದರು ನೀಲಮ್ಮ. ಅವರು ಕಾರಿಳಿದು ಬಂದಿದ್ದರು. "ಮೈಲಾರಪ್ಪನ ಭಂಡಾರ ಅದು."

"ಅವ್ವಾ, ಇದನ್ನ ಇಲ್ಲಿ ಯಾರಿಟ್ರು?" ಎಂದರು ಗೌಡರು.

"ನಾನೇ ಇಟ್ಟೆ. ಡ್ರೈವರ್ ಕೈಲಿ ಮುಚ್ಚಳ ತೆಗೆಸಿ ಇಟ್ಟೆ. ಯಾರಿಗೂ ಹೇಳಬ್ಯಾಡ ಅಂದಿದ್ದೆ." ಅವರು ಮಗನ ಮುಖ ನೋಡಿ ಹೇಳುತ್ತಿದ್ದರು, ನಮ್ಮ ಕಡೆ ಅಲ್ಲ. "ಮನೆ ಗಾಡಿ. ದೇವರ ಹೆಸರಲ್ಲಿ ತಂದ ಗಾಡಿ. ಒಳಗೆಲ್ಲ ಕೈ ಹಾಕಿ ಬಿಚ್ಯಾರೆ ಅಂದ್ರು. ಎಲ್ಲಾ ಶುದ್ಧ ಆಗ್ಲಿ ಅಂತ ಇಟ್ಟೆ."

ಬಿಚ್ಯಾರೆ ಎಂದರು. ಯಾರು ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ದುರುಗಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಡಬ್ಬಿಯನ್ನೇ ನೋಡುತ್ತ ನಕ್ಕ.

"ಜಾಗ ಮಾತ್ರ ಸರಿ ಹುಡುಕೀರಿ ಬೇ. ಸೋಸೋ ಡಬ್ಬಿ ಅಂತ ನಾನಽ ಹೇಳಿದ್ದೆ."

ನೀಲಮ್ಮ ಸೆರಗು ಎಳೆದುಕೊಂಡರು. ಗಂಟನ್ನು ನಾನು ಎತ್ತಿ ಅವರ ಕೈಗೆ ಕೊಟ್ಟೆ. ಹೋಸಿನೊಳಗಿದ್ದ ಅರಿಸಿನವನ್ನು ಒರೆಸಿ ಮುಚ್ಚಳ ಹಾಕಿದೆ. ಚಿತ್ರದುರ್ಗದ ಕಡೆ ಇನ್ನಷ್ಟು ದೂರ ಓಡಿಸಿದೆವು. ಎಷ್ಟು ಒತ್ತಿದರೂ ಇಂಜಿನ್ ಉಬ್ಬಸಪಡಲಿಲ್ಲ.

ಇಂಜಿನ್ನಿನ ಕೇಸು ಅಲ್ಲಿಗೆ ಮುಗಿಯಿತು. ಮನುಷ್ಯರ ಕೇಸು ಗ್ಯಾರೇಜಿನಲ್ಲಿ ಶುರುವಾಯಿತು. ಗೌಡರು ಸಾಹುಕಾರರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಮಾತಾಡಿದರು. ಸಾಹುಕಾರರು ಬಂದು ನನಗೆ ಹೇಳಿದರು:

"ಮೇಡಂ, ವಯಸ್ಸಾದ ಹೆಣ್ಮಗಳು, ದೇವರ ವಿಷಯ. ಊರಾಗ ನಗಿಪಾಟಲಾಗೋದು ಬ್ಯಾಡ. ಫಿಲ್ಟರ್‌ನಾಗ ವೇಸ್ಟ್ ಬಟ್ಟಿ ಉಳಿದಿತ್ತು ಅಂತ ಹೇಳೋಣು. ಗೌಡ್ರು ಕಂಪ್ಲೇಂಟ್ ಕೊಡಂಗಿಲ್ಲ ಅಂತಾರ. ದುರುಗಪ್ಪನೂ ಉಳೀತಾನ, ನಮ್ಮ ಗಿರಾಕಿನೂ ಉಳೀತಾರ."

"ವೇಸ್ಟ್ ಬಟ್ಟೆ ಉಳಿದಿತ್ತು ಅಂದರೆ ಬಿಟ್ಟವರು ಯಾರು ಸಾಹುಕಾರರೇ?"

"ಅಂಥಾದ್ದು ಯಾರಿಂದಾರ ಆಕ್ಕತಿ."

"ಇಂಜಿನ್ ಕಟ್ಟಿದವರು ಒಬ್ಬರೇ" ಎಂದೆ.

ಅಂಗಳದಲ್ಲಿ ಎಲ್ಲ ಹುಡುಗರೂ ಕೆಲಸ ನಿಲ್ಲಿಸಿ ಕಿವಿ ಕೊಟ್ಟಿದ್ದರು. ಮೊದಲು ಪೆಟ್ಟಿಗೆ ಬಿಚ್ಚಿಸಿದ್ದೂ ಇದೇ ಅಂಗಳದಲ್ಲಿ. ನಾನು ದನಿ ಏರಿಸದೆ, ಆದರೆ ಕಾನ್ವೆಂಟಿನಲ್ಲಿ ಪ್ರೇಯರ್ ಓದುವಾಗಿನ ಹಾಗೆ ಕೊನೆಯ ಸಾಲಿಗೂ ಕೇಳುವಂತೆ, ಏನು ಸಿಕ್ಕಿತು, ಯಾರಿಟ್ಟಿದ್ದರು, ಯಾಕಿಟ್ಟಿದ್ದರು ಎಂದು ಪೂರ್ತಿ ಹೇಳಿದೆ. ಗೌಡರು ತಲೆ ತಗ್ಗಿಸಿ ಕಾರು ಹತ್ತಿದರು. ಸಾಹುಕಾರರು ಬಹಳ ದಿನ ನನ್ನ ಜೊತೆ ನೇರ ಮಾತಾಡಲಿಲ್ಲ. "ಮೇಡಂಗೆ ಹೇಳ್ರಿ" ಎಂದು ಗೋಡೆಗೆ ಹೇಳುತ್ತಿದ್ದರು.

ಸೋಮವಾರ ದುರುಗಪ್ಪ ಬಂದ. ಪೆಟ್ಟಿಗೆ ಎತ್ತಿಕೊಂಡು ಹೋಗಲು ಬಂದಿದ್ದ. ಸಾಹುಕಾರರು ಬಾಗಿಲಲ್ಲಿ ತಡೆದರು.

"ಎಲ್ಲಾ ತಿಳೀತಲ್ಲೋ. ಪೇಂಟರ್‌ಗೂ ಬರಾಕ ಹೇಳೀನಿ. ಇನ್ನೇನಾಗಬೇಕು ನಿನಗ?"

"ಏನೂ ಆಗಬೇಕಿಲ್ರಿ. ಗೌಡ್ರ ಇಂಜಿನ್‌ನಾಗಿಂದು ತೆಗೆದ್ರಿ. ಬಾಕಿ ಎಲ್ಲೆಲ್ಲಿ ಏನೇನು ಇಟ್ಟೀರಿ ಅಂತ ನಾ ಹುಡಿಕ್ಯಾಡಕೋತ ಕುಂದ್ರಲಿ?"

ನನಗೆ ಮಾತ್ರ, "ಬರ್ತೀನ್ರಿ ಮೇಡಂ. ಅವತ್ತು ಪೆಟ್ಟಿಗಿ ಚಂದಾಗಿ ನೋಡಿದ್ರಿ" ಎಂದು ಹೇಳಿ ಹೋದ. ಅದು ಹೊಗಳಿಕೆಯೋ ಚುಚ್ಚೋ ನನಗೆ ಇವತ್ತಿಗೂ ತಿಳಿದಿಲ್ಲ. ಕೊಟ್ಟೂರಿನ ಗ್ಯಾರೇಜನ್ನು ಬೇರೊಬ್ಬ ನಡೆಸಿದ.

ಆಮೇಲೆ ನಾನು ಇನ್ನೂ ಬಹಳ ವರ್ಷ ಕೆಲಸ ಮಾಡಿದೆ. ಸ್ಕ್ಯಾನರುಗಳು ಬದಲಾದವು, ಕಾರುಗಳು ಮಾತಾಡಲು ಶುರುಮಾಡಿದವು. ಮಕ್ಕಳೇ, ನಿಮಗೆ ಟಿಪ್ಸ್ ಬೇಕಿದ್ದರೆ ಇಷ್ಟು: ಕಟ್ಟಿದ ಇಂಜಿನ್ ವಾಪಸ್ ಬಂದರೆ ಮೊದಲು ಬಿಚ್ಚಬೇಡಿ, ಕೆಡುವ ಜಾಗಕ್ಕೆ ಅದನ್ನು ಕರೆದುಕೊಂಡು ಹೋಗಿ. ಯಾವಾಗ ಕೆಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಯಾವಾಗ ಸರಿಹೋಗುತ್ತದೆ ಎಂದೂ ಕೇಳಿ. ಸಂಶಯ ಪಡಿ, ಅದಕ್ಕೇ ಸಂಬಳ. ಆದರೆ ಅದು ಎಲ್ಲರ ಮನೆಗೂ ಹೋಗಿ ಬರಲಿ, ಒಬ್ಬನ ಮನೆಯ ಮುಂದೆಯೇ ಬಿಡಾರ ಹೂಡುವುದು ಬೇಡ.

ರಿಟೈರ್ ಆದ ಮೇಲೆ ನನ್ನದೇ ಚಿಕ್ಕ ಕಾರು ಹೊಗೆ ಬಿಡತೊಡಗಿತು. ನಮ್ಮ ಹಳೇ ಗ್ಯಾರೇಜಿಗೆ ಒಯ್ಯಲಿಲ್ಲ. ಕೂಡ್ಲಿಗಿಗೆ ಒಯ್ದೆ. ಹೈವೇ ಪಕ್ಕದಲ್ಲಿ ದುರುಗಪ್ಪನ ಸ್ವಂತ ಗ್ಯಾರೇಜು. ತಲೆ ನರೆತಿತ್ತು, ನಾಲಗೆ ಹಾಗೇ ಇತ್ತು. "ಬರ್ರಿ ಟ್ರಯಲ್ ಮೇಡಂ, ಈ ಸಲ ಆರೋಪಿ ನಿಮ್ಮ ಗಾಡಿ ಏನು?" ಎಂದ.

ಕೆಲಸ ಮುಗಿದು 'ಬರ್ರಿ' ಎಂದು ಫೋನ್ ಮಾಡಿಸಿದ ದಿನ ಹೋದೆ. ಗೋಡೆಯ ಮೇಲೆ ಆ ಬುದ್ಧನ ಪಟ ಈಗ ದೊಡ್ಡದಾಗಿತ್ತು. ಸ್ಟಾರ್ಟ್ ಮಾಡಿ ಕೇಳಿಸಿದ. ನನ್ನ ಎಡಗಿವಿ ಮಂದವಾಗಿದೆ, ಬಲಗಿವಿ ಬಗ್ಗಿಸಿ ಕೇಳಿದೆ. ಚೆನ್ನಾಗಿತ್ತು. ಬ್ಯಾಗು ತೆಗೆಯಲು ತಿರುಗಿದಾಗ ಅವನು "ಇರ್ರಿ" ಎಂದು ಇಂಜಿನ್ ಆಫ್ ಮಾಡಿ ಫಿಲ್ಟರ್ ಡಬ್ಬಿಯ ಕ್ಲಿಪ್ ತೆಗೆದ.

"ನೋಡ್ರಿ. ಕೈ ಹಾಕಿ ನೋಡ್ರಿ."

"ನನಗೂ ಬೇಕೇನಪ್ಪ ಇದು?"

"ಎಲ್ಲರಿಗೂ ಐತ್ರಿ. ನಿಮ್ಮನ್ನ ಬಿಟ್ರ ಮುಂದಿನವ್ರಿಗೆ ಏನು ಹೇಳ್ಲಿ?"

ಕೈ ಹಾಕಿ ಮೂಲೆ ಮೂಲೆ ಸವರಿದೆ. ಖಾಲಿ. ಅವನು ಡಬ್ಬಿಯನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದ. ನಾನು ಆ ಕೈ ತೆಗೆದು ಅಂಗೈ ತೋರಿಸಿದೆ. ಆಮೇಲೆ, ಅವನು ಕೇಳದಿದ್ದರೂ, ಇನ್ನೊಂದನ್ನೂ ಮುಂದೆ ಮಾಡಿದೆ. ತಮಾಷೆಗೆಂದೇ ಮಾಡಿದ್ದು. ಅವನು ನಗಲಿಲ್ಲ. ನೋಡಿದ, ಎರಡನ್ನೂ.

"ನೀವಽ ಮುಚ್ರಿ" ಎಂದ.

ಮುಚ್ಚಿ ಕ್ಲಿಪ್ ಒತ್ತಿದೆ. ಅವನು ಜೇಬಿನಿಂದ ಒಂದು ಪುಟ್ಟ ಶೀಶೆ ತೆಗೆದ. ಅದೇ ಕೆಂಪು. ಕ್ಲಿಪ್ಪಿಗೂ ಮುಚ್ಚಳಕ್ಕೂ ಸೇರಿಸಿ ನಿಧಾನವಾಗಿ ಒಂದು ಚುಕ್ಕೆ ಇಟ್ಟ.

"ಒಣಗೋತನ ಯಾರೂ ಕೈ ಹಚ್ಚಂಗಿಲ್ಲ. ನೀವೂ ಹಚ್ಚಬ್ಯಾಡ್ರಿ, ನಾನೂ ಹಚ್ಚಂಗಿಲ್ಲ."

ಬಾನೆಟ್ಟಿನ ಆ ಕಡೆ ಅವನು ಕೈಕಟ್ಟಿ ನಿಂತ, ಈ ಕಡೆ ನಾನು. ನೇಲ್ ಪಾಲಿಶ್ ಒಣಗುವ ವಾಸನೆ, ಹೈವೇ ಮೇಲೆ ಲಾರಿಗಳು. ಇಬ್ಬರೂ ಆ ಚುಕ್ಕೆಯನ್ನೇ ಕಾಯುತ್ತ ನಿಂತಿದ್ದೆವು. ದುರುಗಪ್ಪನನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ.